ಹುಲಿಯಪ್ಪನ ಸರ್ಟಿಫಿಕೇಟ್

“ಸರ್ಟಿಫಿಕೇಟ್ ಇದೆಯೇನಪ್ಪಾ ನಿನ್ನ ಹತ್ರ?” ಎಂದು ಅರಣ್ಯ ಇಲಾಖೆಯ ವಿಷ್ಣುಪ್ರಸಾದರು ಕೇಳಿದಾಗ ಹುಲಿಯಪ್ಪ ಗೋಪಾಳದ ಶಾಲೆಯ ಮಾವಿನ ಮರದ ಕೆಳಗೆ ಹಗ್ಗದ ಸುರುಳಿ ಬಿಚ್ಚುತ್ತಿದ್ದ. ಕೈ ಅಲ್ಲೇ ನಿಂತಿತು. ಇಪ್ಪತ್ತು ವರ್ಷ ಮರ ಹತ್ತಿದವನಿಗೆ ಹಾವು ಎದುರಾಗಿತ್ತು, ಹೆಜ್ಜೇನು ಎದುರಾಗಿತ್ತು, ಕರೆಂಟಿನ ತಂತಿಯೂ ಎದುರಾಗಿತ್ತು. ಈ ಪ್ರಶ್ನೆ ಮಾತ್ರ ಎದುರಾಗಿರಲಿಲ್ಲ.

ಶಾಲೆಯ ಹೆಡ್‌ಮಿಸ್ಟ್ರೆಸ್ ಸತ್ಯಭಾಮಾ ಅರ್ಜಿ ಹಾಕಿದ್ದು ಒಂದೇ ಒಂದು ಕೊಂಬೆಗೆ. ಒಂದನೇ ಕ್ಲಾಸಿನ ಹೆಂಚಿನ ಮೇಲೆ ಚಾಚಿಕೊಂಡಿದ್ದ ಅದನ್ನು ಮಳೆಗಾಲಕ್ಕೆ ಮೊದಲು ತೆಗೆಸಿದರೆ ಅವರಿಗೆ ಸಾಕಿತ್ತು. ಅನುಮತಿ ಕೊಡಬೇಕಾದ ವಿಷ್ಣುಪ್ರಸಾದರ ಲೆಕ್ಕ ಬೇರೆ. ಅಷ್ಟು ದಪ್ಪದ ಕೊಂಬೆ ಕಡಿದರೆ ಗಾಯದಲ್ಲಿ ನೀರಿಳಿದು ಮರ ಒಳಗೊಳಗೇ ಕೊಳೆಯುತ್ತದೆ, ಒಂದು ದಿನ ಮಕ್ಕಳ ಮೇಲೇ ಮಗುಚುತ್ತದೆ, ಆಗ ಉತ್ತರ ಹೇಳಬೇಕಾದವರು ತಾವು. ಅದಕ್ಕಿಂತ ಬುಡಕ್ಕೇ ಗರಗಸ ಹಾಕಿಸಿ ಎಂದರು. ಮೆಷಿನ್ ಗರಗಸದ ಕಂಟ್ರಾಕ್ಟರೂ ಅದಕ್ಕೆ ತಲೆಯಾಡಿಸಿ ಹೋಗಿದ್ದ. ಕೊಂಬೆ ಹೋಗಲಿ, ಮರಕ್ಕೆ ಏನೂ ಆಗುವುದಿಲ್ಲ ಎಂದು ಹಟ ಹಿಡಿದವನು ಹುಲಿಯಪ್ಪ ಒಬ್ಬನೇ.

“ಇದೆ ಸಾರ್,” ಎಂದ ಹುಲಿಯಪ್ಪ. “ಆದ್ರೆ ತರೋಕಾಗಲ್ಲ. ಭದ್ರಾವತೀಲಿದೆ. ನೀವೇ ಬಂದು ನೋಡ್ಬೇಕು.”

ವಿಷ್ಣುಪ್ರಸಾದರು ರೇಗಬೇಕಿತ್ತು. ಹೇಗೂ ಅಂದು ಭದ್ರಾವತಿಯಲ್ಲಿ ಕೆಲಸವಿದ್ದುದರಿಂದ ನಕ್ಕು ಜೀಪು ಹತ್ತು ಎಂದರು. ಇವರಿಬ್ಬರನ್ನೇ ಬಿಟ್ಟರೆ ತಮ್ಮ ಮರ ದಾರಿಯಲ್ಲೇ ಉರುಳುತ್ತದೆಂದು ಸತ್ಯಭಾಮಾ ಕೂಡ ಹತ್ತಿದರು. ದಾರಿಯುದ್ದಕ್ಕೂ ಹುಲಿಯಪ್ಪನದೇ ಮಾತು. ಕಾರ್ಖಾನೆಯಲ್ಲಿ ಖಲಾಸಿಯಾಗಿ ಕಬ್ಬಿಣ ಎತ್ತಿ ಇಳಿಸುತ್ತಾ ತಾನು ಹಗ್ಗದ ಕೆಲಸ ಕಲಿತದ್ದು. ನೈಲಾನ್ ಹಗ್ಗ ಭಾರ ಬಿದ್ದಾಗ ಜಗ್ಗಿ ಮೋಸ ಮಾಡುತ್ತದೆಂದು ಇವತ್ತಿಗೂ ನಾರಿನ ಹಗ್ಗವನ್ನೇ ನಂಬಿದ್ದು. ಕೊಂಬೆಯನ್ನು ಮೊದಲು ಅಡಿಯಿಂದ ಕೊಯ್ದು ಆಮೇಲೆ ಮೇಲಿಂದ ಕೊಯ್ಯದಿದ್ದರೆ, ಬೀಳುವಾಗ ಅದು ಕಾಂಡದ ತೊಗಟೆಯನ್ನೂ ಸುಲಿದುಕೊಂಡು ಹೋಗುವುದು.

ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್ ಸಾಲಿನ ಕೊನೆಯ ಮನೆಯ ಹಿಂದೆ ಒಂದು ಮುದಿ ಮಾವು ನಿಂತಿತ್ತು. ಇದೇ ನನ್ನ ಸರ್ಟಿಫಿಕೇಟ್ ಎಂದು ಹುಲಿಯಪ್ಪ ತೋರಿಸಿದ. ವಿಷ್ಣುಪ್ರಸಾದರ ಕಣ್ಣು ನೆಟ್ಟಗೆ ಹೋದದ್ದು ರಸ್ತೆ ಕಡೆಗಿದ್ದ ಒಂದು ಪೊಟರೆಗೆ. ಕೊಡ ಹಿಡಿಸುವಷ್ಟು ದೊಡ್ಡದು. ಒಳಗಿನಿಂದ ಗಿಳಿಯೊಂದು ಇಣುಕಿತು.

“ಇದನ್ನ ತೋರಿಸೋಕೆ ಕರ್ಕೊಂಡು ಬಂದ್ಯಾ?”

“ಅದೂ ನಂದೇ ಸಾರ್, ಹೊಸದ್ರಲ್ಲಿ ಕಡಿದಿದ್ದು. ಕಾಂಡಕ್ಕೆ ಸಮ ಸವರಿ, ಮೇಲೆ ಡಾಂಬರು ಮೆತ್ತಿದ್ದೆ. ಕೊಳೀತು. ಅದನ್ನ ನೋಡಿ ನೋಡಿನೇ ಕೆಲಸ ಕಲ್ತೆ. ಇದೇ ಮರದಲ್ಲಿ ಎಂಬತ್ತೆರಡನೇ ಇಸ್ವೀಲಿ ಇನ್ನೊಂದು ಕಡ್ದೆ. ಎಲ್ಲಿ ಅಂತ ಹುಡುಕಿ.”

ಸತ್ಯಭಾಮಾ ಹಣೆ ಒತ್ತಿಕೊಂಡರು. ತನ್ನ ಹುಳುಕನ್ನು ತಾನೇ ತೋರಿಸುವ ಪುಣ್ಯಾತ್ಮನನ್ನು ಅವರು ಇದೇ ಮೊದಲು ನೋಡಿದ್ದು. ಶಾಲೆಯ ಮರ ಹೋಯಿತು ಎಂದೇ ಅವರಿಗೆ ಅನಿಸಿತು. ವಿಷ್ಣುಪ್ರಸಾದರು ಕಾಡು ಓದಿದವರು, ಸುಲಭಕ್ಕೆ ಬಿಡುವವರಲ್ಲ. ಕನ್ನಡಕ ಒರೆಸಿಕೊಂಡು ಮರವನ್ನು ಮೂರು ಸುತ್ತು ಹಾಕಿದರು. ಕತ್ತು ನೋವು ಬಂತೇ ಹೊರತು ಗಾಯ ಸಿಗಲಿಲ್ಲ.

“ಗಾಯಾನೇ ಇಲ್ಲ. ನೀನು ಕಡ್ದಿದ್ದೀಯ ಅನ್ನೋಕೆ ಏನು ಸಾಕ್ಷಿ?”

ಹುಲಿಯಪ್ಪ ಜಾಗ ತೋರಿಸಬಹುದಿತ್ತು, ಆದರೆ ಅಲ್ಲೊಂದು ದಪ್ಪ ಕೊಂಬೆ ಇತ್ತೆಂದು ನಂಬಿಸಲು ಏನೂ ಉಳಿದಿರಲಿಲ್ಲ. ಕೆಟ್ಟ ಕೆಲಸದ ಸಾಕ್ಷಿ ರಸ್ತೆಗೇ ಕಾಣುವಂತೆ ಕೂತಿತ್ತು. ಒಳ್ಳೆಯ ಕೆಲಸ ತನ್ನ ಗುರುತನ್ನೇ ಅಳಿಸಿಕೊಂಡಿತ್ತು. ಹದಿನಾರು ವರ್ಷ ಎದೆಯಲ್ಲಿಟ್ಟುಕೊಂಡು ಬಂದ ಹೆಮ್ಮೆಯೇ ಈಗ ಅವನಿಗೆ ತಿರುಗಿಬಿದ್ದಿತ್ತು.

ಒಣಗಿದ ಬಟ್ಟೆ ತೆಗೆಯಲು ಹೊರಬಂದ ಆ ಮನೆಯ ದುರ್ಗಮ್ಮ ಅವನ ಗುರುತು ಹಿಡಿದಳು. ಗುರುತು ಹಿಡಿದವಳೇ ಜಗಳ ತೆಗೆದಳು. ತಾನು ಬಟ್ಟೆಯ ತಂತಿ ಕಟ್ಟಿದ್ದ ಕೊಂಬೆಯನ್ನು ಒಂದು ಮಾತೂ ಹೇಳದೆ ಇಳಿಸಿ ಹೋದವನು ಇಷ್ಟು ವರ್ಷದ ಮೇಲೆ ಮುಖ ತೋರಿಸಿದ್ದಾನಲ್ಲ ಎಂಬುದು ಅವಳ ದೂರು. ಯಾವ ಕೊಂಬೆ ಎಂದು ವಿಷ್ಣುಪ್ರಸಾದರು ಕೇಳಿದರು.

“ಅಗೋ, ಬಚ್ಚಲಿನ ಶೀಟಿನ ಮೇಲ್ಗಡೆ. ನನ್ನ ಸೊಂಟದಷ್ಟು ದಪ್ಪ ಇತ್ತು ಸ್ವಾಮಿ.”

ಅವರು ಬೂಟು ಬಿಚ್ಚಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿದರು, ಕೈ ಚಾಚಿ ತಡವಿದರು. ಸುತ್ತಲಿಂದ ತೊಗಟೆ ಬೆಳೆದು ಬಂದು ಒಂದೆಡೆ ಕೂಡಿಕೊಂಡಿತ್ತು. ಉಳಿದದ್ದು ಮಗುವಿನ ಹೊಕ್ಕುಳಷ್ಟು ಒಂದು ಸುಕ್ಕು. ಬೆರಳನ್ನು ಅದರ ಮೇಲಿಟ್ಟುಕೊಂಡೇ ಅವರು ಹುಲಿಯಪ್ಪನ ಕಡೆ ತಿರುಗಿದರು.

“ಏನು ಬಳಿದಿದ್ರಿ ಇದಕ್ಕೆ, ಹುಲಿಯಪ್ಪನೋರೇ?”

“ಏನೂ ಇಲ್ಲ ಸಾರ್. ಕೊಂಬೆ ಬುಡದಲ್ಲಿ ಬಳೆ ಥರ ಉಬ್ಬಿರುತ್ತಲ್ಲ, ಅದನ್ನ ಮುಟ್ಟದೆ ಬಿಟ್ಟೆ ಅಷ್ಟೇ. ವಾಸಿ ಮಾಡ್ಕೊಂಡಿದ್ದು ಮರ.”

‘ನೀನು’ ಹೋಗಿ ‘ನೀವು’ ಬಂದದ್ದು ಹುಲಿಯಪ್ಪನ ಕಿವಿಗೆ ಬಿದ್ದಿತ್ತು. ಅವನಿಗೆ ತುಂಬಾ ಖುಷಿಯಾಯಿತು. ಆದರೂ ಹೆಗಲ ಹಗ್ಗವನ್ನು ಸುಮ್ಮನೆ ಸರಿಮಾಡಿಕೊಂಡ.

ವಿಷ್ಣುಪ್ರಸಾದರು ಜೀಪಿನ ಬಾನೆಟ್ಟಿನ ಮೇಲೆ ಫೈಲು ಹರಡಿ ಬರೆಯತೊಡಗಿದರು. ಸತ್ಯಭಾಮಾ ಮಕ್ಕಳ ಕಾಪಿ ತಿದ್ದುವ ಅಭ್ಯಾಸದಲ್ಲಿ ಹಿಂದಿನಿಂದ ಬಗ್ಗಿ ಓದಿದರು. ‘ಒಂದು ಕೊಂಬೆ ಮಾತ್ರ’ ಎಂದಿತ್ತು. ಅದರ ಕೆಳಗೆ, ಕಚೇರಿಯ ದುಂಡು ಅಕ್ಷರದಲ್ಲಿ: ‘ಕೆಲಸಗಾರರ ಪ್ರಮಾಣಪತ್ರವನ್ನು ಖುದ್ದಾಗಿ ಪರಿಶೀಲಿಸಲಾಗಿದೆ. ಮೂಲ ಪ್ರತಿ ಭದ್ರಾವತಿಯಲ್ಲಿ ಬೆಳೆಯುತ್ತಿರುವುದರಿಂದ ಲಗತ್ತಿಸಿರುವುದಿಲ್ಲ.’