ಏರಿನಲ್ಲಿ ಕುದಿಯುವ ಕಾರು

ಏರು ಮುಗಿಯುವ ಮೊದಲೇ ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಅವನು ಹಳೇ ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿ ಸ್ಟೀರಿಂಗಿಗೆ ಒಂದು ಗುದ್ದು ಗುದ್ದಿದ. ಹಿಂದಿನ ಸೀಟಿನಲ್ಲಿ ತಾಯಿ ಬಟ್ಟೆಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಬಗ್ಗದ ಮಂಡಿಗಳನ್ನು ಓರೆಯಾಗಿ ಚಾಚಿ ಕೂತಿದ್ದಳು.

"ಮತ್ತೆ ಕುದೀತೇನೋ?"

"ಇಲ್ಲಮ್ಮ, ಬೆವರ್ತಾ ಇದೆ," ಎಂದು ಹಲ್ಲು ಕಡಿದ.

ಇದು ಮೂರನೇ ಸಲ. ಪೇಟೆಗೆ ಹೋದರೆ ಕರುವಿನಂತೆ ಓಡುವ ಕಾರು, ಅಣ್ಣನ ಮನೆಯ ದಾರಿ ಹಿಡಿದರೆ ಸಾಕು, ಇದೇ ಏರಿನಲ್ಲಿ ಕಾಲು ಚಾಚುತ್ತದೆ.

ಅಣ್ಣ ದೊಡ್ಡ ಮನುಷ್ಯ. ಬೇರೆಯವರು ಹೇಳುವ ಮೊದಲು ತಾನೇ ಹಾಗೆ ಹೇಳಿಕೊಳ್ಳುವವನು. "ನಿನ್ನ ಹೆಂಡ್ತಿ ನಾಲಿಗೆಗೆ ಅಮ್ಮನ್ನ ಒಡ್ಡಿದ್ದು ಸಾಕು. ಇನ್ನು ಕೊನೇತನಕ ನಮ್ಮನೇಲಿರ್ಲಿ, ತಂದು ಬಿಡು," ಎಂದು ಫೋನಿನಲ್ಲಿ ಅಪ್ಪಣೆಯಾಗಿತ್ತು. ತಾನೇ ಬಂದು ಕರೆದೊಯ್ಯುವುದು ಅವನ ಘನತೆಗೆ ಕುಂದು. ತಾಯಿಗೆ ಬಸ್ಸು ಆಗದು, ಹತ್ತಿದರೆ ವಾಂತಿ. ತಮ್ಮನಿಗೆ ಅಣ್ಣನೆದುರು ಬಾಯಿಯೇ ಇಲ್ಲ. ಅವನ ಮನೆಯಲ್ಲಿ ಬಾಯಿ ಇದ್ದದ್ದು ಹೆಂಡತಿ ಒಬ್ಬಳಿಗೇ.

ಇಂಜಿನ್ ಆರಿಸಿ, ನೀರು ತುಂಬಿ, ತಾಯಿಮಗ ವಾಪಸು ಬಂದಾಗ ಅವಳು ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ತುಳಿಯುತ್ತಿದ್ದಳು. ಊರಿನ ಅರ್ಧ ಬಟ್ಟೆ ಅವಳ ಕೈಯಲ್ಲೇ ಹೊಲಿಸಿಕೊಂಡದ್ದು, ಅರ್ಧ ಜನ ಅವಳ ಬಾಯಲ್ಲಿ ಹರಿಸಿಕೊಂಡದ್ದು.

"ಬಂತಾ ಮೆರವಣಿಗೆ? ನನಗೆ ಗೊತ್ತಿತ್ತು. ಈ ಗುಜರಿ ಏರು ಹತ್ತೋದೂ ಒಂದೇ, ನೀವು ನಿಮ್ಮಣ್ಣನಿಗೆ ಎದುರಾಡೋದೂ ಒಂದೇ."

ಅತ್ತೆಯ ಗಂಟು ಕಿತ್ತುಕೊಂಡು ಮೂಲೆಗೆ ಎಸೆದಳು. "ಒಂದು ಗಳಿಗೆ ನೆಮ್ಮದಿಯಾಗಿದ್ದೆ, ಅದೂ ಹೋಯ್ತು. ಕೈ ತೊಳ್ಕೊಂಡು ಕೂತ್ಕೊಳ್ಳಿ, ಊಟ ಆರುತ್ತೆ."

ಮೇಜಿನ ಮೇಲೆ ಮೂರು ತಟ್ಟೆಗಳಿದ್ದವು.

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ, ಪಾಪ, ಮುದುಕಿ," ಎಂದು ಅಕ್ಕಪಕ್ಕದವರು ಲೊಚಗುಟ್ಟುತ್ತಿದ್ದರು. ಮುದುಕಿ ಅಂಚು ಹೊಲಿದರೆ, "ಇದೇನು ಹೊಲಿಗೆಯೋ, ದಾರಿ ತಪ್ಪಿದ ಇರುವೆ ಸಾಲೋ?" ಗುಂಡಿ ಹಚ್ಚಲು ಬೆಳಕು ಸಾಲದೆಂದರೆ, "ಇವರಿಗೆ ಕಿಟಕಿ ಪಕ್ಕ ಬೇರೆ ಬೇಕು ಮಹಾರಾಣಿಗೆ!" ಎಂದು ಸೊಸೆ ಗೊಣಗುತ್ತಲೇ ತನ್ನ ಮೆಷಿನ್ನನ್ನು ಕಿಟಕಿಯಿಂದ ಕತ್ತಲೆಯ ಕಡೆಗೆ ಎಳೆದುಕೊಂಡಿದ್ದಳು.

ಇನ್ನು ಗ್ಯಾರೇಜಿನವನು. ಅವನಿಗೆ ಬಿಗಿ ಮೇಸ್ತ್ರಿ ಎಂದೇ ಹೆಸರು. ಮೊದಲ ಸಲ ಥರ್ಮೋಸ್ಟಾಟ್ ಬದಲಿಸಿದ. ಎರಡನೇ ಸಲ ರೇಡಿಯೇಟರಿನ ಮುಚ್ಚಳ. ಈಗ ವಾಟರ್ ಪಂಪಿನ ಮೇಲೆ ಕಣ್ಣು. ಯಾವ ಕಾರೇ ಬರಲಿ, ಬಾನೆಟ್ ತೆರೆದ ಕೂಡಲೇ ನೀರು ಹರಿಯುವ ಎಲ್ಲ ಹೋಸು ಪೈಪುಗಳ ಕ್ಲಿಪ್ಪನ್ನೂ ಒಂದೊಂದು ಸುತ್ತು ಬಿಗಿ ಮಾಡುವುದು ಅವನ ಕೈಚಾಳಿ. ಈ ಸಲವೂ ಎಲ್ಲವನ್ನೂ ಬಿಗಿ ಮಾಡಿ, ಆಮೇಲೆ ರೇಡಿಯೇಟರಿಗೆ ಗಾಳಿ ಒತ್ತಿ ನೋಡಿದ. ಒತ್ತಡದ ಮೀಟರಿನ ಮುಳ್ಳು ಅಲುಗಲಿಲ್ಲ.

"ಎಲ್ಲೂ ಸೋರ್ತಿಲ್ಲ. ಕಾರು ಸರಿಯಾಗಿದೆ ಯಜಮಾನ್ರೇ, ಓಡಿಸೋರು ಸರಿಯಿಲ್ಲ."

ಕಳ್ಳನನ್ನು ಓಡಿಸಿ, ಬೀಗ ಹಾಕಿ, ಕಳ್ಳನೇ ಇಲ್ಲ ಅಂದ ಹಾಗೆ. ಅದು ಕೊನೆಗೆ ಅವನ ತಲೆಗೂ ಹೊಳೆದಿರಬೇಕು. ಬಿಳಿ ಪೇಂಟಿನ ಡಬ್ಬಿ ತಂದು, ಪ್ರತಿ ತಿರುಪಿನಿಂದ ಕ್ಲಿಪ್ಪಿನ ಪಟ್ಟಿಗೂ ಸೇರಿಸಿ ಒಂದು ಗೆರೆ ಎಳೆದ. "ಇದು ಮುರಿದರೆ ಮೊದಲು ನನಗೆ ತೋರಿಸಿ."

ಮುಂದಿನ ಸಲ ಹೊರಡುವ ಬೆಳಿಗ್ಗೆ ಮನೆಯಲ್ಲಿ ರಂಪ. ಮೆಷಿನ್ನಿನ ಪುಟ್ಟ ಸ್ಕ್ರೂಡ್ರೈವರ್ ಕಾಣುತ್ತಿರಲಿಲ್ಲ. ಅವಳು ತೋಳಿಗೆ ಮೆತ್ತಿದ ಕರಿ ಎಣ್ಣೆಯನ್ನು ಒರೆಸಿಕೊಳ್ಳುತ್ತ ಡ್ರಾಯರನ್ನೆಲ್ಲ ಬೋರಲು ಹಾಕಿದಳು.

"ಈ ಮನೇಲಿ ಇಟ್ಟ ವಸ್ತು ಇಟ್ಟಲ್ಲಿರಲ್ಲ. ಅತ್ತೆ, ನೀವೇನಾದ್ರೂ ಮುಟ್ಟಿದ್ರಾ?"

"ನನಗ್ಯಾಕಮ್ಮ ಅದು?" ಎಂದಳು ತಾಯಿ. ಅಂಗಳದಿಂದ ಪೊರಕೆ ಹಿಡಿದು ಆಗತಾನೇ ಒಳಗೆ ಬಂದಿದ್ದಳು. ಉಟ್ಟ ಬಟ್ಟೆಯ ಅಂಚು ಒದ್ದೆಯಾಗಿ ಹಸಿರು ಬಣ್ಣ ಹಿಡಿದಿತ್ತು. ಮಗ ನೋಡಿದ. ನೋಡಿಯೂ ಏನೂ ಹೊಳೆಯದಿರುವುದು ಅವನಿಗೆ ಹುಟ್ಟಿನಿಂದ ಬಂದ ವಿದ್ಯೆ.

ಏರಿನಲ್ಲಿ ಕಾರು ಕುದಿಯಿತು. ಮೇಸ್ತ್ರಿಗೆ ಹೇಳಿಕಳಿಸಿದ. ಅವನು ಅಲ್ಲೇ ಬೆನ್ನ ಮೇಲೆ ಮಲಗಿ ಕಾರಿನಡಿಗೆ ಜಾರಿ, ಮೀಸೆ ತಿರುವುತ್ತ ಎದ್ದು ಬಂದ.

"ಕೆಳಗಿನ ಹೋಸಿನ ಕ್ಲಿಪ್ಪು ಸಡಿಲ. ನನ್ನ ಗೆರೆ ಮುರಿದು ಎರಡಾಗಿದೆ. ತಾನಾಗಿ ತಿರುಗಿದ್ದಲ್ಲ, ತಿರುಗಿಸಿದ್ದು. ಪೈಪಲ್ಲಿದ್ದ ಇಂಜಿನ್ ತಣಿಸೋ ಹಸಿರು ನೀರು ನಿಮ್ಮಂಗಳದಲ್ಲೇ ಸೋರೋಕೆ ಶುರುವಾಗಿದೆ. ರೋಗ ಕಾರಿಗಲ್ಲ ಯಜಮಾನ್ರೇ, ನಿಮ್ಮ ಮನೆಗೆ."

ಹಸಿರು ನೀರು! ಅವನು ತಿರುಗಿ ತಾಯಿಯ ಬಟ್ಟೆಯ ಅಂಚನ್ನೇ ನೋಡಿದ.

ಮನೆಗೆ ಬಂದವನೇ ಹೆಂಡತಿಯ ಎದುರಿಗೇ ಕೇಳಿದ. "ಅಮ್ಮಾ, ಕ್ಲಿಪ್ಪು ಸಡಿಲ ಮಾಡಿದ್ದು ನೀನೇನಾ?"

ಮೆಷಿನ್ ನಿಂತಿತು. ತಾಯಿ ಒಂದು ಕ್ಷಣ ಸೊಸೆಯ ಮುಖ ನೋಡಿದಳು.

"ಹೌದು ಕಣೋ, ನಾನೇ. ಅಲ್ಲಿಗೆ ಹೋಗೋಕೆ ನನಗಿಷ್ಟ ಇಲ್ಲ."

"ಬಾಯ್ಬಿಟ್ಟು ಹೇಳಬಾರದಿತ್ತಾ?"

"ನೀನು ಕೇಳಿದ್ಯೇನೋ?"

ಸೊಸೆಯ ನಾಲಿಗೆಗೆ ಜೀವ ಬಂತು. "ಚೆನ್ನಾಗಿದೆ ತಾಯಿಮಗನ ನಾಟಕ! ಇನ್ನು ಇವರನ್ನ ನಾನೇ ಸಾಯೋತನಕ ಕಟ್ಕೊಂಡಿರಬೇಕು. ಏನು ಮುಖ ನೋಡ್ತೀರಿ, ಹೋಗಿ ನಿಮ್ಮಣ್ಣನಿಗೆ ಹೇಳಿ ಸಾಯಿರಿ!"

ಅವನು ಫೋನ್ ಹಿಡಿದು ಅಂಗಳಕ್ಕೆ ಹೋದ. "ಅಮ್ಮ ಬರಲ್ಲ," ಎಂದದ್ದು ಒಳಗೂ ಕೇಳಿಸಿತು. ಜೀವಮಾನದಲ್ಲಿ ಮೊದಲ ಸಲ ಅಣ್ಣನೆದುರು ಅವನ ದನಿ ನಡುಗಲಿಲ್ಲ. ಮಂಡಿ ಬಗ್ಗದ ಮುದುಕಿ ಕಾರಿನಡಿಗೆ ಹೇಗೆ ನುಸುಳಿದಳೆಂದು ಮಾತ್ರ ಆ ಮಹಾಶಯನಿಗೆ ಆಗಲೂ ಹೊಳೆಯಲಿಲ್ಲ.

ಒಳಗೆ ತಾಯಿ ಗಂಟಿನೊಳಗೆ ಕೈ ಹಾಕಿ, ಹುಡುಕಿ ತೆಗೆದು, ಮೆಷಿನ್ನಿನ ಮೇಲಿಟ್ಟಳು. "ತಗೊಳ್ಳೇ, ನಿನ್ನ ಸ್ಕ್ರೂಡ್ರೈವರ್. ಕಾರಿನಡೀಲೇ ಬಿಟ್ಟು ಬರೋದಾ? ಪೊರಕೇಲಿ ಎಳೆದು ತೆಗೆಯೋಷ್ಟರಲ್ಲಿ ನನ್ನ ಬಟ್ಟೆಯೆಲ್ಲ ಹಸಿರಾಯ್ತು."