ಕರಿಗೂಬೆ ನುಂಗಿದ ಗಂಡ

ಒಂದು ಊರಿತ್ತಂತೆ. ಊರ ನಡುವೆ ಒಂದು ಕಬ್ಬಿಣದ ಪಂಜರವಿತ್ತಂತೆ. ಪಂಜರದೊಳಗೆ ಒಂದು ಕರಿಗೂಬೆ ಇತ್ತಂತೆ. ಅದು ಹೊಸದಾಗಿ ಮದುವೆಯಾದವಳೊಬ್ಬಳ ಗಂಡನನ್ನು ಇಡಿಯಾಗಿ ನುಂಗಿಬಿಟ್ಟಿತಂತೆ. ಅವಳು ಅಳಲಿಲ್ಲ. ಕತ್ತರಿ ಮಸೆಯುತ್ತ ಕೂತಳಂತೆ.

ಊರು ಅಮೆರಿಕದ ನಾಕ್ಸ್‌ವಿಲ್. ಅವಳು ವರ್ಲೀನ್ ಟಿಪ್ಟನ್. ಇಪ್ಪತ್ತಾರು ವರ್ಷಗಳ ನಂತರ ಆ ಕತ್ತರಿ ಅವಳ ಕೈಚೀಲದಲ್ಲಿ, ಉಲ್ಲನ್ ಉಂಡೆಯೊಳಗೆ ಅಡಗಿತ್ತು. ಕ್ರೀಡಾಂಗಣದ ಬಾಗಿಲಲ್ಲಿ ಕಾವಲಿನ ಡ್ವೇನ್ ಆ ಉಂಡೆಯನ್ನೇ ಹಿಸುಕಿ ನೋಡುತ್ತಿದ್ದ.

“ಏನಿದು ವರ್ಲೀನಮ್ಮ, ಗಟ್ಟಿಯಾಗಿದೆ?”

“ಕತ್ತರಿ. ದಾರ ಕತ್ತರಿಸೋಕೆ.”

ಬೇರೆಯವರಾಗಿದ್ದರೆ ಡ್ವೇನ್ ಕಿತ್ತಿಟ್ಟುಕೊಳ್ಳುತ್ತಿದ್ದ. ಆದರೆ ಕಾಲುಚೀಲದ ಕಾರ್ಖಾನೆಯಲ್ಲಿ ಹೊಲಿಗೆ ಹಾಕಿ ಹಾಕಿ ಬೆರಳು ಸೊಟ್ಟಗಾದ ಈ ಹೆಂಗಸನ್ನು ಕಂಡರೆ ಅವನಿಗೂ, ಊರಿಗೂ, ಅಯ್ಯೋ ಅನ್ನಿಸುತ್ತಿತ್ತು.

ಅವಳ ಗಂಡ ಹೋಬರ್ಟ್ ಕುಸ್ತಿಪಟು. ನಗುಮುಖದ ಹುಡುಗ. ಕರಿಗೂಬೆಯೆಂಬ ಮುಖವಾಡದ ಖಳ ಪಂಜರದ ಪಂದ್ಯದಲ್ಲಿ ಅವನ ಬಲಮಂಡಿ ಮುರಿದಿದ್ದ. ಹೋಬರ್ಟನನ್ನು ಸ್ಟ್ರೆಚರಿನ ಮೇಲೆ ಹೊತ್ತೊಯ್ದರು. ಮತ್ತೆಂದೂ ಆ ಮುಖ ಅಖಾಡದಲ್ಲಿ ಕಾಣಲಿಲ್ಲ. ಒಕ್ಲಹೋಮದ ಅಣ್ಣನ ಮನೆಯಲ್ಲಿದ್ದಾನೆಂದು ಕೆಲವರು, ಸತ್ತನೆಂದು ಕೆಲವರು. ವರ್ಲೀನ್ ಏನೂ ಹೇಳಲಿಲ್ಲ. ಜನ ಕೇಳುವುದನ್ನೂ ಬಿಟ್ಟರು. ಭಾನುವಾರ ಚರ್ಚಿನ ಊಟದಲ್ಲಿ ಅವಳು ಮೇಜಿನ ತುದಿಗೆ ಒಬ್ಬಳೇ ಕೂರುತ್ತಿದ್ದಳು. ಹೆಂಡತಿ ಸತ್ತವನೊಬ್ಬ ಸೇಬಿನ ಕಡುಬು ಹಿಡಿದು ಮನೆಬಾಗಿಲಿಗೆ ಬಂದಾಗ, ನನಗೆ ಗಂಡ ಇದ್ದಾನೆ ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡಿದ್ದಳು. ಪಾಪ, ತಲೆ ಕೆಟ್ಟಿದೆ ಎಂದರು.

ಗೂಬೆ ಎಲ್ಲೇ ಆಡಲಿ, ಮೊದಲ ಸಾಲಿನಲ್ಲಿ ಮಾತ್ರ ಅವಳು ಹಾಜರು. ಆ ಮುಖವಾಡವನ್ನು ತನ್ನ ಕೈಯಾರೆ ಬಿಚ್ಚುತ್ತೇನೆಂದು ಹೋಬರ್ಟನಿಗೆ ಮಾತು ಕೊಟ್ಟಿದ್ದಳು.

ಇಂದು ಐದು ಪಂದ್ಯ, ಐದೂ ಪಂಜರದಲ್ಲಿ. ದೇಶದ ಉದ್ದಗಲಕ್ಕೂ ಜನ ದುಡ್ಡು ಕಟ್ಟಿ ಮನೆಯ ಟೀವಿ ಮುಂದೆ ಕೂತಿದ್ದರು. ಕೊನೆಯದರಲ್ಲಿ ಚಾಂಪಿಯನ್ ಕೋರಿ ಸ್ಟಾರ್ನ್ಸ್‌ನ ಪಟ್ಟಕ್ಕೆ ಎದುರಾಗಿ ಗೂಬೆಯ ಮುಖವಾಡವೇ ಪಣ. ಸೋತರೆ ಅಲ್ಲೇ ಕಳಚಬೇಕು. ಗೆದ್ದರೆ ಇನ್ನೂ ಮೂರು ವರ್ಷದ ಕರಾರು, ಕಳಚುವ ಮಾತೇ ಇಲ್ಲ. ಯಾರು ಗೆಲ್ಲಬೇಕೆಂಬುದನ್ನು ಆಯೋಜಕರು ಕೊನೆಗಳಿಗೆಯಲ್ಲಿ ಬದಲಿಸುವುದು ಊರಿಗೇ ಗೊತ್ತಿದ್ದ ಸಂಗತಿ. ವರ್ಲೀನ್ ಎರಡು ದಿನದಿಂದ ಕಣ್ಣು ಮುಚ್ಚಿರಲಿಲ್ಲ. ಆದರೂ ಮಧ್ಯಾಹ್ನ ಬೀನ್ಸ್ ಬೇಯಿಸಿ, ಜೋಳದ ರೊಟ್ಟಿ ಸುಟ್ಟಿಟ್ಟು ಬಂದಿದ್ದಳು, ಒಬ್ಬಳಿಗೆ ಹೆಚ್ಚೇ ಆಗುವಷ್ಟು.

ಡ್ವೇನ್ ಅವಳನ್ನು ಕುರ್ಚಿಯವರೆಗೂ ಬಿಟ್ಟ. ಬಗ್ಗಿ ಮೆಲ್ಲಗೆ ಹೇಳಿದ, “ಹೇಳ್ತೀನಂತ ಬೇಜಾರಾಗ್ಬೇಡಿ. ಆ ಮುಖವಾಡ ಒಂದೇ, ಒಳಗಿನೋರು ಬೇರೆ ಬೇರೆ ಅಂತಾರೆ. ಒಬ್ಬ ಬಿಟ್ಟು ಹೋದ್ರೆ ಇನ್ನೊಬ್ಬನ ತಲೆಗೆ ಹಾಕ್ತಾರಂತೆ. ಹಳೇ ಗೂಬೆ ಇನ್ನೂ ನಾಲ್ಕು ಬೆರಳು ಎತ್ತರ ಇದ್ದ ಅಂತ ನಮ್ಮಪ್ಪ ಹೇಳೋರು. ನೀವು ಯಾರದೋ ಸಿಟ್ಟನ್ನ ಯಾರ ಮೇಲೋ ತೀರಿಸ್ಕೊಂಡೀರಿ.”

“ಒಳಗಿರೋನು ಯಾರು ಅಂತ ನನಗೆ ಗೊತ್ತು, ಡ್ವೇನ್.”

ದೀಪಗಳು ಆರಿದವು. ಗೂಬೆ ಬಂದ.

ಕುಸ್ತಿಯ ಲೋಕದಲ್ಲಿ ಖಳನಿಗೆ ಮನೆಯಿಲ್ಲ. ನಾಯಕನ ಕಾರಿನಲ್ಲಿ ಕೂರುವಂತಿಲ್ಲ, ಊರವರ ಹೋಟೆಲಿನಲ್ಲಿ ಉಣ್ಣುವಂತಿಲ್ಲ, ಹಿಂಬಾಗಿಲಿಂದ ಬಂದು ಹಿಂಬಾಗಿಲಿಂದಲೇ ಹೋಗಬೇಕು. ಮುಖವಾಡದವನಾದರೆ ಮುಖ ಗೊತ್ತಾದ ದಿನವೇ ಅನ್ನಕ್ಕೆ ಕಲ್ಲು. ಈ ಗೂಬೆಯಂತೂ ದನಿಯನ್ನೂ ಯಾರಿಗೂ ಕೇಳಿಸಿರಲಿಲ್ಲ. ಜನ ಎಸೆದ ಕಡಲೆಸಿಪ್ಪೆಯ ಮಳೆಯಲ್ಲಿ ತಲೆ ತಗ್ಗಿಸಿ ನಡೆದ. ಎಡಗಾಲಿಟ್ಟು ಮೆಟ್ಟಿಲು ಹತ್ತಿದ. ಪಂಜರದ ಬಾಗಿಲಿಗೆ ಬೀಗ ಬಿತ್ತು.

ಕೋರಿ ಅವನನ್ನು ಜಾಲರಿಗೆ ಅಪ್ಪಳಿಸಿದ. ವರ್ಲೀನ್ ಎದ್ದು ನಿಂತಳು. ಎಂದಿನಂತೆ ಗಂಟಲು ಹರಿಯುವ ಹಾಗೆ ಕೂಗಿದಳು: “ಎಡಗಾಲು! ಆ ಎಡಗಾಲು ಮುರಿಯೋ!” ಅವಳು ಶುರುಮಾಡಿದರೆ ಸುತ್ತಲಿನವರೂ ಎಡಗಾಲು, ಎಡಗಾಲು ಎಂದು ನೆಲ ಗುದ್ದುವುದು ವಾಡಿಕೆ. ಕೋರಿ ಎಡಗಾಲನ್ನೇ ತಿರುಚಿದ.

ಗೂಬೆ ಒಮ್ಮೆ ಜಾಲರಿಯ ತುದಿಯವರೆಗೂ ಹತ್ತಿದ. ಇನ್ನೊಂದು ಕಾಲು ದಾಟಿಸಿ ಪಂಜರದ ಹೊರಗಿಳಿದರೆ ಗೆದ್ದಂತೆ. ವರ್ಲೀನ್ ಮುಂದಿನ ಅಡ್ಡಗಂಬಿಯನ್ನು ಗಟ್ಟಿಯಾಗಿ ಹಿಡಿದಳು. ಗೂಬೆ ಮೇಲಿನಿಂದ ಅವಳ ಕಡೆಗೊಮ್ಮೆ ನೋಡಿದ. ಆಮೇಲೆ ಕೋರಿಯ ಕೈಗೆ ಸಿಕ್ಕಿ ಕೆಳಗೆ ಬಿದ್ದ. ಮತ್ತೆ ಏಳಲಿಲ್ಲ.

ತೀರ್ಪುಗಾರ ನೆಲ ಬಡಿದು ಎಣಿಸಿದ: ಒಂದು, ಎರಡು, ಮೂರು.

ಗೆದ್ದವನೇ ಮುಖವಾಡ ಕಳಚಬೇಕು. ಕೋರಿ ಬಗ್ಗುವಷ್ಟರಲ್ಲಿ ವರ್ಲೀನ್ ಅಡ್ಡಗಂಬಿ ದಾಟಿ, ಬೀಗ ತೆಗೆದಿದ್ದ ಪಂಜರದ ಬಾಗಿಲಲ್ಲಿದ್ದಳು. ಕೈಯಲ್ಲಿ ಕತ್ತರಿ ಹೊಳೆಯಿತು. ಡ್ವೇನ್ ಓಡಿಬಂದು ಅವಳ ರಟ್ಟೆ ಹಿಡಿದ. ಹನ್ನೆರಡು ಸಾವಿರ ಜನ ಚುಚ್ಚು, ಚುಚ್ಚು ಎಂದು ಒಂದೇ ದನಿಯಲ್ಲಿ ಕೂಗತೊಡಗಿದರು. ಬಿದ್ದಲ್ಲಿಂದಲೇ ಗೂಬೆ ಅಂಗೈ ಎತ್ತಿದ: ಬಿಡು, ಬರಲಿ.

ಡ್ವೇನ್ ಕೈ ಸಡಿಲಿಸಿದ.

ಅವಳು ಒಳಗೆ ಹೋಗಿ ಗೂಬೆಯ ಪಕ್ಕ ಮಂಡಿಯೂರಿ ಕೂತಳು. ಗೂಬೆ ತಾನಾಗಿ ತಲೆ ತಿರುಗಿಸಿ ಹಿಂಗತ್ತನ್ನು ಅವಳ ಕಡೆಗೆ ಕೊಟ್ಟ. ಅಲ್ಲಿ ಬಿಗಿದ ದಾರದ ಗಂಟುಗಳು. ಕಾಲುಚೀಲದ ಕಾರ್ಖಾನೆಯವರು ಹಾಕುವಂಥ ಜೋಡುಗಂಟುಗಳು. ಅವಳು ಒಂದೊಂದನ್ನೂ ಹುಡುಕದೆಯೇ ಕತ್ತರಿಸಿದಳು. ಕೂಗು ಒಂದೇಟಿಗೆ ನಿಂತಿತು. ಕಪ್ಪು ಚರ್ಮದ ಮುಖವಾಡವನ್ನು ಮೇಲೆಳೆದಳು. ಬೆವರಿಗೆ ಅಂಟಿದ್ದ ನರೆಗೂದಲನ್ನು ಹಣೆಯಿಂದ ಹಿಂದಕ್ಕೆ ಸರಿಸಿದಳು.

“ಏಳ್ರೀ ಹೋಬರ್ಟ್, ಬೀನ್ಸ್ ಆರಿಹೋಗುತ್ತೆ,” ಎಂದಳು. “ಇವತ್ತು ಮುಂದಿನ ಬಾಗಿಲಿಂದಲೇ ಹೋಗೋಣ.”