ಸೋಡಾ ಡಬ್ಬಿ

ನೀರನ್ನು ಕರೆಂಟಿನಿಂದ ಗಾಳಿಯಾಗಿ ಒಡೆಯುವುದು ಆಗದ ಮಾತೆಂದವಳು ಕಮಲಾಪುರದ ನಮ್ಮ ಅತ್ತೆ. ಪೆನ್ಸಿಲ್ ಹೆರೆದ ವಾಸನೆ ಬಂದರೆ ಈಗಲೂ ಆ ಮಧ್ಯಾಹ್ನ ನೆನಪಾಗುತ್ತದೆ. ಎರಡೂ ತುದಿ ಹೆರೆದ ಪೆನ್ಸಿಲ್‌ಗಳು, ಟಾರ್ಚಿನ ಸೆಲ್ಲುಗಳು, ವೈರು, ಒಂದು ಲೋಟ ನೀರು ಹೊಂದಿಸಿಕೊಂಡು ಅಡುಗೆ ಸೋಡಾ ಕೇಳಿದೆ.

"ಅದು ಭಜಿಗೆ. ಉಪ್ಪು ತಗೋ."

"ಉಪ್ಪು ಬ್ಯಾಡ ಅತ್ತಿ, ವಿಷದ ಗಾಳಿ ಬರ್ತದಂತ. ಸರ್ ಹೇಳ್ಯಾರ."

"ನಮ್ಮ ಮನಿ ಉಪ್ಪಿನ್ಯಾಗ ವಿಷ ಅದೇನ?"

ಒಂದು ಚಮಚ ಸೋಡಾ ಕೊಟ್ಟು, ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎದುರಿಗೇ ಕುಳಿತಳು. ಸೋಡಾ ನೀರಿಗೆ ಕದಡಿ, ಸೆಲ್ಲಿನ ವೈರು ಜೋಡಿಸಿದ ಪೆನ್ಸಿಲ್‌ಗಳನ್ನು ಅದರಲ್ಲಿ ಇಳಿಸಿದೆ; ತುದಿಗಳಿಂದ ಗುಳ್ಳೆ ಎದ್ದವು.

"ಸೆಲ್ಲಿನ ಗಾಳಿ ಇರಬೇಕು," ಎಂದಳು.

ವರ್ಷಗಳ ಮೇಲೆ, ನಮ್ಮ ಮನೆತನದ ಮೊದಲ ಪದವಿ ಪ್ರಮಾಣಪತ್ರವನ್ನು ಕಲಬುರಗಿಯಿಂದ ತಂದು ಅವಳ ಕೈಗಿಟ್ಟೆ. ಮುದ್ರೆಯನ್ನು ಉಗುರಿನಿಂದ ಕೆರೆದು ನೋಡಿದಳು.

"ಖರೇನೇ ಅದ. ಕೂಡು, ಭಜಿ ಮಾಡ್ತೀನಿ. ಸೋಡಾ ಡಬ್ಬಿಗೆ ಮಾತ್ರ ಕೈ ಹಚ್ಚಬ್ಯಾಡ."